ಮೀನು ಹೊಂಡಕ್ಕೆ ಹಿಂಡಿ, ತೌಡು, ಸೊಪ್ಪು

(ಮೀನು ಸಾಕಣೆ ತರಬೇತಿ ಶಿಬಿರವೊಂದರಲ್ಲಿ ರೈತರಿಗೂ ವಿಸ್ತರಣಾ ಕಾರ್ಯಕರ್ತರಿಗೂ ನೀಡಿದ ಉಪನ್ಯಾಸ)



ಮೀನು ಸಾಕುವವರ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹೊಂಡ ತೋಡಿಸಿದ್ದು ಒಂದು ಸಲದ ಖರ್ಚು. ಮರಿಗಳಿಗೆ ಕೊಟ್ಟ ಹಣ ದೊಡ್ಡದಲ್ಲ. ಸಗಣಿ ಗೊಬ್ಬರ ಮನೆಯದೇ ಇರುತ್ತದೆ. ಆದರೆ ಮರಿ ಬಿಟ್ಟ ದಿನದಿಂದ ಮೀನು ಹಿಡಿಯುವ ದಿನದವರೆಗೆ ದಿನವೂ ಕೈಬಿಟ್ಟು ಹೋಗುವ ಹಣವೆಂದರೆ ಆಹಾರದ್ದು. ಆಹಾರ ಕೊಟ್ಟು ಸಾಕುವ ಹೊಂಡದಲ್ಲಿ ಒಟ್ಟು ವೆಚ್ಚದ ಅರ್ಧಕ್ಕಿಂತ ಹೆಚ್ಚು ಪಾಲು ಈ ಒಂದೇ ಬಾಬಿಗೆ ಹೋಗುತ್ತದೆ. ಮೀನು ಸಾಕಣೆಯಲ್ಲಿ ಕೈ ಸುಟ್ಟುಕೊಂಡವರಲ್ಲಿ ಬಹಳ ಮಂದಿ ಸುಟ್ಟುಕೊಂಡಿರುವುದು ಇಲ್ಲಿಯೇ. ಕೆಲವರು ಆಹಾರವನ್ನೇ ಹಾಕದೆ ವರ್ಷದ ಕೊನೆಗೆ ಅಂಗೈಯಗಲದ ಮೀನು ಹಿಡಿದರು. ಕೆಲವರು ಬೇಕಾಬಿಟ್ಟಿ ಹಾಕಿ, ಒಂದು ಮುಂಜಾನೆ ಹೊಂಡದ ತುಂಬ ಬಿಳಿ ಹೊಟ್ಟೆ ಮೇಲಾದ ಮೀನು ಕಂಡರು.

ಮೀನಿಗೆ ಅತ್ಯುತ್ತಮ ಆಹಾರ ಯಾವುದೆಂದು ಕೇಳಿದರೆ ಪುಸ್ತಕಗಳು ಮೀನಿನ ಹುಡಿಯ ಹೆಸರು ಹೇಳುತ್ತವೆ. ಅದು ಸುಳ್ಳಲ್ಲ. ಆದರೆ ಮೀನಿನ ಹುಡಿಯ ಬೆಲೆ ಎಲ್ಲ ಹಿಂಡಿಗಳಿಗಿಂತ ಮೇಲೆ. ಅದಕ್ಕಾಗಿ ಕರಾವಳಿಯಲ್ಲಿ ಅರೆಯುವ ಬೂತಾಯಿಯಂಥ ಮೀನು ಬಡವರ ತಟ್ಟೆಯ ಮೀನೂ ಹೌದು. ಒಂದು ಮೀನನ್ನು ಅರೆದು ಇನ್ನೊಂದು ಮೀನು ಬೆಳೆಸುವುದು ಸಿಗಡಿಯಂಥ ದುಬಾರಿ ಸರಕಿಗೆ ಹೊಂದೀತು. ಕೆರೆ ಹೊಂಡದ ಗೆಂಡೆ ಮೀನಿಗೆ ಹೊಂದುವುದಿಲ್ಲ, ಬೇಕಾಗಿಯೂ ಇಲ್ಲ. ಗೆಂಡೆ ಜಾತಿಯ ಮೀನುಗಳು ಹುಟ್ಟಾ ಸಸ್ಯಾಹಾರಕ್ಕೋ ಮಿಶ್ರಾಹಾರಕ್ಕೋ ಒಗ್ಗಿದವು. ಗಾಣ, ಅಕ್ಕಿ ಗಿರಣಿ, ಹೊಲದ ಬದು ಇವುಗಳಿಂದ ಬರುವ ಪದಾರ್ಥಗಳಿಂದಲೇ ಅವುಗಳನ್ನು ಕಿಲೋ ತೂಕಕ್ಕೆ ತರಬಹುದು. ಆದರೆ ಯಾವುದನ್ನು ಎಷ್ಟು, ಹೇಗೆ, ಯಾವಾಗ ಎಂಬುದು ತಿಳಿದಿರಬೇಕು.

ಎಲ್ಲಕ್ಕೂ ಮೊದಲು ನೆನಪಿಡಬೇಕಾದ ಮಾತು: ಹೊಂಡವೇ ಒಂದು ಹುಲ್ಲುಗಾವಲು. ಗೊಬ್ಬರ ಬಿದ್ದ ನೀರಿನಲ್ಲಿ ಬಿಸಿಲಿಗೆ ಬರಿಗಣ್ಣಿಗೆ ಕಾಣದ ಹಸಿರು ಸಸ್ಯಗಳು ಹುಟ್ಟುತ್ತವೆ, ಅವನ್ನು ತಿಂದು ಸಣ್ಣ ಸಣ್ಣ ಪ್ರಾಣಿಗಳು ಹೆಚ್ಚುತ್ತವೆ. ಇವೆರಡಕ್ಕೂ ಸೇರಿ ಪ್ಲವಕಗಳೆಂದು ಹೆಸರು. ಕಾಟ್ಲಾ ಮತ್ತು ಬೆಳ್ಳಿಗೆಂಡೆಗೆ ಇದೇ ಮುಖ್ಯ ಆಹಾರ. ಒಣಗಿಸಿ ತೂಗಿದರೆ ಪ್ಲವಕಗಳಲ್ಲಿ ಸಸಾರಜನಕ ಧಾರಾಳವಾಗಿರುತ್ತದೆ. ತೌಡು ಹಿಂಡಿಯಲ್ಲಿ ಕೊರತೆಯಾಗುವ ಜೀವಸತ್ವಗಳೂ ಅದರಲ್ಲಿ ದೊರೆಯುತ್ತವೆ. ಆದ್ದರಿಂದ ಹಿಂಡಿ ತೌಡಿಗೆ ಪೂರಕ ಆಹಾರ ಎಂಬ ಹೆಸರು ಬಂದಿದೆ. ಅದು ಅನ್ನಕ್ಕೆ ಸಾರಿನಂತೆ. ಅನ್ನವೇ ಇಲ್ಲದಿದ್ದರೆ ಸಾರು ಕುಡಿದು ಹೊಟ್ಟೆ ತುಂಬದು.

ಹೊಂಡದಲ್ಲಿ ಪ್ಲವಕ ಎಷ್ಟಿದೆಯೆಂದು ತಿಳಿಯಲು ಯಾವ ಉಪಕರಣವೂ ಬೇಡ. ಬಿಸಿಲಿರುವ ಹೊತ್ತಿನಲ್ಲಿ ಕೈಯನ್ನು ಮೊಣಕೈವರೆಗೆ ನೀರಿನಲ್ಲಿ ಇಳಿಬಿಟ್ಟು ಅಂಗೈ ನೋಡಬೇಕು. ಅಂಗೈ ಮಸುಕಾಗಿ ಕಾಣೆಯಾಗುವಂತಿದ್ದರೆ ನೀರು ಹದವಾಗಿದೆ. ಅಂಗೈಯ ಗೆರೆಗಳೂ ಕಾಣುತ್ತಿದ್ದರೆ ಗೊಬ್ಬರ ಸಾಲದು. ಅರ್ಧ ಮೊಣಕೈಗೇ ಕೈ ಮರೆಯಾಗಿ ನೀರು ದಟ್ಟ ಹಸಿರಾಗಿದ್ದರೆ ಗೊಬ್ಬರವನ್ನೂ ಆಹಾರವನ್ನೂ ತಡೆಯಬೇಕು. ಕೆಮ್ಮಣ್ಣಿನ ರಾಡಿ ನೀರಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ಇನ್ನು ಮೀನಿನ ಹೊಟ್ಟೆಯ ವಿಚಾರ. ಹೊಟ್ಟೆ ಎನ್ನುವುದೂ ತಪ್ಪೇ, ಏಕೆಂದರೆ ಗೆಂಡೆ ಮೀನಿಗೆ ಜಠರವೇ ಇಲ್ಲ. ಬಾಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿರುವ ಹಲ್ಲುಗಳಿಂದ ತಿಂದದ್ದನ್ನು ಅರೆದು ನೇರವಾಗಿ ಕರುಳಿಗೆ ಬಿಡುತ್ತದೆ. ಇದರಿಂದ ಮೂರು ವಿಷಯಗಳು ಹೊರಡುತ್ತವೆ. ಒಂದು, ಹೊಟ್ಟೆ ತುಂಬ ತಿಂದು ದಿನವಿಡೀ ಜೀರ್ಣಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆಹಾರವನ್ನು ಪಾಲು ಮಾಡಿ ಕೊಟ್ಟರೆ ಮೈಗೆ ಹತ್ತುತ್ತದೆ. ಎರಡು, ಆಹಾರ ನುಣ್ಣಗಿರಬೇಕು. ಹೆಂಟೆ ಹಿಂಡಿಯನ್ನು ಹಾಗೆಯೇ ಎಸೆದರೆ ಅರ್ಧ ಕೆಸರಿನ ಪಾಲು. ಮೂರನೆಯದು ಬಹಳ ಮುಖ್ಯ. ಹಸುವಿಗೆ ಮೆಲುಕು ಹಾಕುವ ದೊಡ್ಡ ಹೊಟ್ಟೆಯಿದೆ, ಅದರಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿದ್ದು ಒರಟು ಮೇವನ್ನೂ ಕೆಲವು ವಿಷವನ್ನೂ ಪಳಗಿಸುತ್ತವೆ. ಮೀನಿಗೆ ಆ ಸೌಕರ್ಯವಿಲ್ಲ. ಹಸು ತಿಂದು ಅರಗಿಸಿಕೊಂಡಿತೆಂದು ಮೀನಿಗೂ ಆದೀತೆಂದು ತಿಳಿಯಬಾರದು.

ಅಂಗಡಿಯ ಪಶು ಆಹಾರವನ್ನೇ ಹೊಂಡಕ್ಕೆ ಹಾಕಬಹುದೇ ಎಂಬ ಪ್ರಶ್ನೆ ಎಲ್ಲ ಶಿಬಿರದಲ್ಲೂ ಏಳುತ್ತದೆ. ಹಾಕದಿರುವುದೇ ಸರಿ. ಪಶು ಆಹಾರದಲ್ಲಿ ಸ್ವಲ್ಪ ಯೂರಿಯಾ ಸೇರಿಸುವುದುಂಟು. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಯೂರಿಯಾದಿಂದ ಸಸಾರಜನಕ ತಯಾರಿಸಿಕೊಳ್ಳುತ್ತವೆ. ಪ್ರಯೋಗಶಾಲೆಯ ಲೆಕ್ಕದಲ್ಲಿ ಅದು ಸಸಾರಜನಕವೆಂದೇ ಬರುತ್ತದೆ. ಮೀನಿಗೆ ಮಾತ್ರ ಅದರಿಂದ ಕಾಸಿನ ಉಪಯೋಗವಿಲ್ಲ. ಚೀಲದ ಮೇಲೆ ಬರೆದಿರುವ ಸಸಾರಜನಕಕ್ಕೆ ಬೆಲೆ ಕೊಟ್ಟು ನೀರಿಗೆ ಯೂರಿಯಾ ಗೊಬ್ಬರ ಹಾಕಿದಂತಾಗುತ್ತದೆ.

ಮರಿಗಳಿಗೆ ಆಹಾರದಲ್ಲಿ ನೂರಕ್ಕೆ 30 ರಿಂದ 35 ಭಾಗ ಸಸಾರಜನಕ ಬೇಕು. ಬೆಳೆಯುವ ಮೀನಿಗೆ 25 ರಿಂದ 28 ಭಾಗ ಸಾಕು. ಹಸಿ ತೌಡಿನಲ್ಲಿ ಸುಮಾರು 12 ಭಾಗ, ಎಣ್ಣೆ ತೆಗೆದ ತೌಡಿನಲ್ಲಿ ಸುಮಾರು 15 ಭಾಗ, ಒಳ್ಳೆಯ ಕಡಲೆಕಾಯಿ ಹಿಂಡಿಯಲ್ಲಿ 42 ಭಾಗದಷ್ಟು ಸಸಾರಜನಕವಿದೆ. ತೌಡು ಮತ್ತು ಕಡಲೆಕಾಯಿ ಹಿಂಡಿಯನ್ನು ಸರಿಸಮ ಬೆರೆಸಿದರೆ ಎಷ್ಟಾಗುತ್ತದೆ? 12 ಕೂಡಿಸು 42, ಅದರ ಅರ್ಧ 27. ಕಾಟ್ಲಾ, ರೋಹು, ಮೃಗಾಲ್‌ಗಳ ಜೊತೆ ಬೆಳ್ಳಿಗೆಂಡೆ, ಹುಲ್ಲುಗೆಂಡೆ, ಸಾಮಾನ್ಯ ಗೆಂಡೆಗಳನ್ನು ಒಂದೇ ಹೊಂಡದಲ್ಲಿ ಬೆಳೆಸುವ ಮಿಶ್ರ ಮೀನು ಸಾಕಣೆಗೆ 1971ರಲ್ಲಿ ಅಖಿಲ ಭಾರತ ಸಂಯೋಜಿತ ಸಂಶೋಧನಾ ಯೋಜನೆ ಪ್ರಾರಂಭವಾಯಿತು. ಅಂದಿನಿಂದ ದೇಶದುದ್ದಕ್ಕೂ ರೈತರು ಹಾಕುತ್ತ ಬಂದಿರುವುದು ಮುಖ್ಯವಾಗಿ ಈ ಹಿಂಡಿ ತೌಡಿನ ಸರಿಸಮ ಮಿಶ್ರಣವನ್ನೇ. ಯಾರೋ ಕಣ್ಣಂದಾಜಿನಲ್ಲಿ ಹೇಳಿದ ಮಾತಲ್ಲ ಅದು, ಲೆಕ್ಕಕ್ಕೂ ಸರಿಹೊಂದುತ್ತದೆ.

ಬೇರೆ ಪ್ರಮಾಣ ಬೇಕಾದಾಗ ಒಂದು ಸುಲಭದ ಲೆಕ್ಕವಿದೆ. ಮರಿಗಳಿಗೆ 30 ಭಾಗದ ಆಹಾರ ಬೇಕೆಂದಿಟ್ಟುಕೊಳ್ಳಿ. 30ರಲ್ಲಿ ತೌಡಿನ 12 ಕಳೆದರೆ 18. ಇದು ಹಿಂಡಿಯ ಪಾಲು. ಹಿಂಡಿಯ 42ರಲ್ಲಿ 30 ಕಳೆದರೆ 12. ಇದು ತೌಡಿನ ಪಾಲು. ಅಂದರೆ 18 ಕಿಲೋ ಹಿಂಡಿಗೆ 12 ಕಿಲೋ ತೌಡು; ನೂರು ಕಿಲೋ ಮಿಶ್ರಣಕ್ಕೆ 60 ಕಿಲೋ ಹಿಂಡಿ, 40 ಕಿಲೋ ತೌಡು. ಯಾವ ಎರಡು ಪದಾರ್ಥಗಳಿಗೂ ಹೀಗೆಯೇ ಲೆಕ್ಕ ಹಾಕಬಹುದು. ಬೇಕಾದ ಪ್ರಮಾಣ ಮಾತ್ರ ಆ ಎರಡರ ನಡುವೆ ಇರಬೇಕು. ವಿಸ್ತರಣಾ ಕಾರ್ಯಕರ್ತರು ಇದನ್ನು ರೈತರ ಕೈಯಲ್ಲೇ ಒಂದು ಸಲ ಮಾಡಿಸಿದರೆ, ಹಿಂಡಿಯ ಬೆಲೆ ಏರಿದ ವರ್ಷ ಅವರು ಯಾರನ್ನೂ ಕೇಳಬೇಕಾಗಿಲ್ಲ.

ಕಡಲೆಕಾಯಿ ಹಿಂಡಿ ಸಿಗದಿದ್ದರೆ ಅಥವಾ ಎಟುಕದಿದ್ದರೆ ಏನು? ಕರ್ನಾಟಕದಲ್ಲಿ ಒಂದೊಂದು ಸೀಮೆಗೆ ಒಂದೊಂದು ಹಿಂಡಿ. ಬಯಲುಸೀಮೆಯಲ್ಲಿ ಸೂರ್ಯಕಾಂತಿ, ಬೀದರ್ ಬೆಳಗಾವಿ ಕಡೆ ಸೋಯಾ, ರಾಯಚೂರು ಹಾವೇರಿ ಕಡೆ ಹತ್ತಿಬೀಜ, ಕರಾವಳಿ ಮತ್ತು ತುಮಕೂರಿನ ಕಡೆ ಕೊಬ್ಬರಿ ಹಿಂಡಿ. ಸೋಯಾ ಹಿಂಡಿಯಲ್ಲಿ ಸುಮಾರು 45 ಭಾಗ ಸಸಾರಜನಕವಿದ್ದರೆ ಸೂರ್ಯಕಾಂತಿಯದರಲ್ಲಿ ಸುಮಾರು 30, ಕೊಬ್ಬರಿಯದರಲ್ಲಿ 20 ರಿಂದ 22. ಇಲ್ಲಿ ಬಹಳ ರೈತರು ಒಂದು ತಪ್ಪು ಮಾಡುತ್ತಾರೆ. ಚೀಲದ ಬೆಲೆ ನೋಡಿ ಯಾವುದು ಅಗ್ಗವೆಂದು ತೀರ್ಮಾನಿಸುತ್ತಾರೆ. ಕೊಳ್ಳುತ್ತಿರುವುದು ಚೀಲವನ್ನಲ್ಲ, ಚೀಲದೊಳಗಿನ ಸಸಾರಜನಕವನ್ನು. ಉದಾಹರಣೆಗೆ ಕಡಲೆಕಾಯಿ ಹಿಂಡಿ ಕಿಲೋಗೆ 50 ರೂಪಾಯಿ, ಸೂರ್ಯಕಾಂತಿ ಹಿಂಡಿ 36 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ಕಿಲೋ ಸಸಾರಜನಕಕ್ಕೆ ಮೊದಲನೆಯದರಲ್ಲಿ 119 ರೂಪಾಯಿ, ಎರಡನೆಯದರಲ್ಲಿ 120 ರೂಪಾಯಿ ಬಿದ್ದಂತಾಯಿತು. 14 ರೂಪಾಯಿ ಉಳಿಸಿದೆನೆಂದು ಹಿಗ್ಗಿದವನು ಏನನ್ನೂ ಉಳಿಸಲಿಲ್ಲ. ಸೂರ್ಯಕಾಂತಿ ಹಿಂಡಿಯಲ್ಲಿ ನಾರು ಹೆಚ್ಚಾದ್ದರಿಂದ ಸ್ವಲ್ಪ ಕಳೆದುಕೊಂಡನೆಂದೇ ಹೇಳಬೇಕು. ಆಯಾ ಊರಿನ ಆ ದಿನದ ಬೆಲೆ ಹಾಕಿ ಈ ಭಾಗಾಕಾರ ಮಾಡಿ ನೋಡಿದ ಮೇಲೆಯೇ ಗಾಡಿ ಕಟ್ಟಬೇಕು.

ಹಾಗೆಂದು ಒಂದೇ ಹಿಂಡಿಗೆ ಅಂಟಿಕೊಳ್ಳುವುದೂ ಒಳ್ಳೆಯದಲ್ಲ. ಸಸಾರಜನಕವೆಂಬುದು ಹಲವು ಬಗೆಯ ಇಟ್ಟಿಗೆಗಳಿಂದ ಕಟ್ಟಿದ ಗೋಡೆ. ಅವುಗಳಲ್ಲಿ ಲೈಸಿನ್ ಮತ್ತು ಮೆಥಿಯೋನಿನ್ ಎಂಬೆರಡು ಸಸ್ಯಪದಾರ್ಥಗಳಲ್ಲಿ ಕೊರತೆ ಬೀಳುವಂಥವು. ಕಡಲೆಕಾಯಿ ಹಿಂಡಿಯಲ್ಲಿ ಎರಡೂ ಕಡಿಮೆ. ಸೋಯಾದಲ್ಲಿ ಲೈಸಿನ್ ಚೆನ್ನಾಗಿದೆ, ಮೆಥಿಯೋನಿನ್ ಸಾಲದು. ಎಳ್ಳಿನ ಹಿಂಡಿಯಲ್ಲಿ ಮೆಥಿಯೋನಿನ್ ಉಂಟು, ಲೈಸಿನ್ ಕೊರತೆ. ಒಂದರ ಕೊರೆಯನ್ನು ಇನ್ನೊಂದು ತುಂಬುತ್ತದೆ. ಅನ್ನಕ್ಕೆ ಬೇಳೆ, ರಾಗಿ ಮುದ್ದೆಗೆ ಹುರುಳಿ ಸಾರು ಹಾಕಿಕೊಂಡು ಉಂಡ ಹಿರಿಯರು ಈ ಶಾಸ್ತ್ರ ಓದಿರಲಿಲ್ಲ, ಆದರೆ ಮಾಡಿದ್ದು ಇದನ್ನೇ. ಎಣ್ಣೆ ತೆಗೆದ ತೌಡು 50 ಕಿಲೋ, ಕಡಲೆಕಾಯಿ ಹಿಂಡಿ 25 ಕಿಲೋ, ಸೂರ್ಯಕಾಂತಿ ಹಿಂಡಿ 24 ಕಿಲೋ, ಖನಿಜ ಮಿಶ್ರಣ 1 ಕಿಲೋ ಸೇರಿಸಿದರೆ 25 ಭಾಗದ ಸಸಾರಜನಕ ಸಿಗುತ್ತದೆ. ಸೋಯಾ ಹಿಂಡಿ ಸಿಗುವ ಕಡೆ ಕಡಲೆಕಾಯಿಯ ಅರ್ಧಕ್ಕೆ ಬದಲು ಅದನ್ನು ಹಾಕಿದರೆ ಮತ್ತೂ ಮೇಲು. ಖನಿಜ ಮಿಶ್ರಣ ಏಕೆಂದರೆ, ಧಾನ್ಯ ಮತ್ತು ಹಿಂಡಿಯಲ್ಲಿರುವ ರಂಜಕದ ಬಹುಪಾಲು ಬೀಗ ಹಾಕಿಟ್ಟ ಪೆಟ್ಟಿಗೆಯಲ್ಲಿರುವಂತೆ. ಜಠರವಿಲ್ಲದ ಮೀನಿಗೆ ಅದನ್ನು ಬಿಡಿಸಿಕೊಳ್ಳಲಾಗದು.

ಸೋಯಾ ವಿಚಾರದಲ್ಲಿ ಒಂದು ಎಚ್ಚರಿಕೆ. ಹೊಲದಿಂದ ತಂದ ಹಸಿ ಸೋಯಾಕಾಳನ್ನು ಬೀಸಿ ಹಾಕಬಾರದು. ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಅದರಲ್ಲಿದೆ. ಬೇಯಿಸಿದರೆ ಅಥವಾ ಚೆನ್ನಾಗಿ ಹುರಿದರೆ ಅದು ಅಳಿಯುತ್ತದೆ. ಎಣ್ಣೆ ಕಾರ್ಖಾನೆಯಿಂದ ಬರುವ ಸೋಯಾ ಹಿಂಡಿ ಶಾಖಕ್ಕೆ ಸಿಕ್ಕಿಯೇ ಬಂದಿರುತ್ತದೆ. ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಸ್ತುವಿದೆ. ಅದು ಲೈಸಿನ್ನನ್ನೂ ಕಟ್ಟಿಹಾಕುತ್ತದೆ. ಹಸುವಿಗೆ ಬುಟ್ಟಿಗಟ್ಟಲೆ ಇಡುವ ಈ ಹಿಂಡಿ ಮೀನಿನ ಮಿಶ್ರಣದಲ್ಲಿ 10 ರಿಂದ 15 ಭಾಗ ಮೀರದಿರುವುದು ಕ್ಷೇಮ. ಮರಿಗಳಿಗೆ ಬೇಡವೇ ಬೇಡ.

ಹಿಂಡಿಯೆಂದ ಮಾತ್ರಕ್ಕೆ ಎಲ್ಲವೂ ಆಹಾರವಲ್ಲ. ಹರಳು ಹಿಂಡಿ ವಿಷ. ಹೊಂಗೆ, ಬೇವಿನ ಹಿಂಡಿ ಹೊಲಕ್ಕೆ ಸರಿ, ಹೊಂಡದ ಮೀನಿಗಲ್ಲ. ಹಿಪ್ಪೆ ಹಿಂಡಿಯಂತೂ ಮೀನು ಕೊಲ್ಲಲೆಂದೇ ಬಳಸುವ ಪದಾರ್ಥ. ಅದರಲ್ಲಿ ನೊರೆ ಬರಿಸುವ ಸಪೋನಿನ್ ಇದ್ದು, ಕಿವಿರಿನ ಮೂಲಕ ಒಳಹೊಕ್ಕು ಮೀನಿನ ರಕ್ತಕಣಗಳನ್ನು ಒಡೆಯುತ್ತದೆ. ಮಲೆನಾಡಿನ ಹಳ್ಳಗಳಲ್ಲಿ ಕಾರೆಕಾಯಿ ಜಜ್ಜಿ ಹಾಕಿ ಮೀನು ಹಿಡಿಯುತ್ತಿದ್ದುದರ ಗುಟ್ಟೂ ಇದೇ. ಈ ಗುಣವನ್ನು ಉಪಯೋಗಕ್ಕೂ ತಂದುಕೊಳ್ಳಬಹುದು. ಹಳೆಯ ಹೊಂಡದಲ್ಲಿ ಮರಿ ಬಿಡುವ ಮೊದಲು ಕುಚ್ಚು, ಕೊರವ, ಬಾಳೆಮೀನಿನಂಥ ಬೇಡದ ಮೀನುಗಳನ್ನು ತೆಗೆಯಲು, ಒಂದು ಮೀಟರ್ ಆಳದ ನೀರಿರುವ ಎಕರೆ ಹೊಂಡಕ್ಕೆ ಸುಮಾರು 1,000 ಕಿಲೋ ಹಿಪ್ಪೆ ಹಿಂಡಿಯನ್ನು ನೆನೆಸಿ ಎರಚುತ್ತಾರೆ. ಅದರ ವಿಷ ಇಳಿಯಲು ಎರಡು ಮೂರು ವಾರ ಬೇಕು. ಅನಂತರ ಅದೇ ಕೊಳೆತು ಗೊಬ್ಬರವಾಗುತ್ತದೆ. ಹೊಂಡದ ಬದಿಯ ಕೊಟ್ಟಿಗೆಯಲ್ಲಿ ಹಿಪ್ಪೆ ಹಿಂಡಿಯ ಚೀಲವನ್ನೂ ಆಹಾರದ ಹಿಂಡಿಯ ಚೀಲವನ್ನೂ ಒಟ್ಟಿಗೆ ಇಡಬಾರದು. ಆಳು ಮಗ ಕತ್ತಲಲ್ಲಿ ಒಂದು ಚೀಲದ ಬದಲು ಇನ್ನೊಂದು ಬಿಚ್ಚಿದರೆ ವರ್ಷದ ದುಡಿಮೆ ಒಂದೇ ಬೆಳಗಿಗೆ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಉದಾಸೀನಕ್ಕೆ ಒಳಗಾಗಿರುವ ವಿಷಯ ಬೂಷ್ಟು. ಮಳೆಗೆ ತೊಯ್ದ ಹಿಂಡಿ, ಮುಗ್ಗಿದ ಮೆಕ್ಕೆಜೋಳ, ಗಂಟುಕಟ್ಟಿದ ತೌಡು ದನಕ್ಕೂ ಬೇಡವಾದಾಗ ಹೊಂಡದ ನೆನಪಾಗುತ್ತದೆ. ಮೀನಿಗೆ ತಾನೆ ಎಂಬ ಮಾತು ಬರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆದು ವಿಷ ಬಿಟ್ಟಿದ್ದು ಗೊತ್ತಾಯಿತು. ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದದ್ದು ಆ ಮೇಲೆ. ಅದೇ ಹೊತ್ತಿನಲ್ಲಿ ಅಮೆರಿಕದ ಟ್ರೌಟ್ ಮೀನು ಕೇಂದ್ರಗಳಲ್ಲಿ ಮೀನುಗಳ ಯಕೃತ್ತಿನಲ್ಲಿ ಗಡ್ಡೆಗಳು ಕಂಡವು. ಅಲ್ಲಿ ಅಪರಾಧಿ ಬೂಷ್ಟು ಹಿಡಿದ ಹತ್ತಿಬೀಜದ ಹಿಂಡಿ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಮುಗ್ಗಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನರೇ ತೀರಿಹೋದರು. ಗೆಂಡೆ ಮೀನು ಟ್ರೌಟ್‌ನಷ್ಟು ನಾಜೂಕಲ್ಲ, ಒಂದೇ ದಿನಕ್ಕೆ ಸಾಯುವುದಿಲ್ಲ. ಆದ್ದರಿಂದಲೇ ಮೋಸ ಹೋಗುವುದು. ತಿಂದರೂ ಬೆಳೆಯದೆ, ಸಣ್ಣ ಕಾಯಿಲೆಗೂ ಸೋಲುತ್ತ ಹೋಗುತ್ತದೆ. ರೈತ ಮರಿಯ ತಳಿ ಸರಿಯಿಲ್ಲವೆಂದು ದೂರುತ್ತಾನೆ.

ಕುದಿಸಿದರೂ ಬಿಸಿಲಿಗೆ ಹಾಕಿದರೂ ಈ ವಿಷ ಹೋಗುವುದಿಲ್ಲ. ಬರದಂತೆ ನೋಡಿಕೊಳ್ಳುವುದೊಂದೇ ದಾರಿ. ಹಿಂಡಿ ಒಣಗಿದ್ದಾಗಲೇ ಕೊಂಡು, ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ, ಗೋಡೆಗೆ ಒಂದು ಅಡಿ ದೂರ ಬಿಟ್ಟು ಪೇರಿಸಬೇಕು. ಮಳೆಗಾಲದಲ್ಲಿ ತಿಂಗಳಿಗಾಗುವಷ್ಟಕ್ಕಿಂತ ಹೆಚ್ಚು ಕೂಡಿಡಬಾರದು. ಹಸಿರು ಅಥವಾ ಹಳದಿ ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ, ಅದನ್ನು ತಿಪ್ಪೆಗೆ ಹಾಕುವುದೇ ಲಾಭ. ತೌಡಿನದು ಬೇರೆ ಕಥೆ. ಎಣ್ಣೆಯಿರುವ ಹಸಿ ತೌಡು ಗಿರಣಿಯಿಂದ ಬಂದ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಗಿರಣಿ ಹತ್ತಿರವಿದ್ದು ವಾರ ವಾರ ತರುವವರಿಗೆ ಹಸಿ ತೌಡು ಒಳ್ಳೆಯದು, ಅದರ ಎಣ್ಣೆಯೂ ಮೀನಿಗೆ ಶಕ್ತಿ ಕೊಡುತ್ತದೆ. ದೂರದವರಿಗೆ ಎಣ್ಣೆ ತೆಗೆದ ತೌಡೇ ಕ್ಷೇಮ. ಕೊಳ್ಳುವಾಗ ಒಂದು ಹಿಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ, ಭತ್ತದ ಹೊಟ್ಟಿನ ಚೂರುಗಳು ಮೇಲೆ ತೇಲುತ್ತವೆ. ಹೊಟ್ಟಿಗೆ ತೌಡಿನ ಬೆಲೆ ಕೊಟ್ಟಿರುವವರು ಕಡಿಮೆಯಿಲ್ಲ.

ಹಸಿರು ಮೇವಿನ ವಿಷಯಕ್ಕೆ ಬಂದರೆ ಹುಲ್ಲುಗೆಂಡೆಯನ್ನು ನೆನೆಯಬೇಕು. ಇದು 1959ರಲ್ಲಿ ಹಾಂಗ್‌ಕಾಂಗ್‌ನಿಂದ ಭಾರತಕ್ಕೆ ಬಂತು. ದಿನಕ್ಕೆ ತನ್ನ ತೂಕದಷ್ಟು ಸೊಪ್ಪು ತಿನ್ನಬಲ್ಲದು, ಆದರೆ ಅದರಲ್ಲಿ ಅರ್ಧವನ್ನಷ್ಟೇ ಜೀರ್ಣಿಸಿಕೊಳ್ಳುತ್ತದೆ. ಉಳಿದದ್ದು ಹಿಕ್ಕೆಯಾಗಿ ಬಿದ್ದು ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗೆ ತುತ್ತು, ಪ್ಲವಕಕ್ಕೆ ಗೊಬ್ಬರ. ಒಂದು ಕಿಲೋ ಹುಲ್ಲುಗೆಂಡೆ ಬೆಳೆಯಲು 30 ರಿಂದ 40 ಕಿಲೋ ಹಸಿ ಹುಲ್ಲು ಹಿಡಿಯುತ್ತದೆಯೆಂದರೆ ಬಹಳವೆನಿಸಬಹುದು. ಆದರೆ ಹೊಂಡದ ದಂಡೆಯ ಮೇಲೆಯೇ ನೇಪಿಯರ್ ಹುಲ್ಲು ಹಚ್ಚಿದವನಿಗೆ ಕೊಯ್ಯುವ ಕೂಲಿಯಷ್ಟೇ ಖರ್ಚು. ಬಿದಿರಿನ ಗಳುಗಳಿಂದ ನಾಲ್ಕು ಮೂಲೆಯ ಚೌಕಟ್ಟು ಕಟ್ಟಿ ತೇಲಿಬಿಟ್ಟು ಅದರೊಳಗೆ ಹುಲ್ಲು ಹಾಕಿದರೆ ಚೆದುರುವುದಿಲ್ಲ, ಉಳಿದ ದಂಟನ್ನು ತೆಗೆಯಲೂ ಸುಲಭ. ಹೊಂಡದಲ್ಲಿ ಹುಲ್ಲುಗೆಂಡೆ ಇಲ್ಲದಿದ್ದರೆ ಇದೆಲ್ಲ ವ್ಯರ್ಥ.

ಅಜೋಲ್ಲಾದ ಬಗ್ಗೆ ಸ್ವಲ್ಪ ಹೆಚ್ಚೇ ಉತ್ಸಾಹ ಕಾಣುತ್ತಿದೆ. ಅದರಲ್ಲಿ 20 ರಿಂದ 25 ಭಾಗ ಸಸಾರಜನಕವಿದೆಯೆಂಬುದು ನಿಜ, ಆದರೆ ಅದು ಒಣಗಿಸಿದ ಅಜೋಲ್ಲಾದ ಲೆಕ್ಕ. ಹಸಿಯದರಲ್ಲಿ ನೂರಕ್ಕೆ 93 ಭಾಗಕ್ಕಿಂತ ಹೆಚ್ಚು ನೀರೇ. ಹತ್ತು ಕಿಲೋ ಹಸಿ ಅಜೋಲ್ಲಾದಲ್ಲಿ ಸಿಗುವ ಸಸಾರಜನಕ ನೂರೈವತ್ತು ಗ್ರಾಂ ಮುಟ್ಟುವುದೂ ಕಷ್ಟ. ಅಷ್ಟು ಮೂರೂವರೆ ನೂರು ಗ್ರಾಂ ಕಡಲೆಕಾಯಿ ಹಿಂಡಿಯಲ್ಲಿದೆ. ಹುಲ್ಲುಗೆಂಡೆಗೆ, ಹಿತ್ತಿಲ ಹೊಂಡಕ್ಕೆ ಅಜೋಲ್ಲಾ ಒಳ್ಳೆಯದು. ಹಿಂಡಿಯನ್ನೇ ನಿಲ್ಲಿಸಿಬಿಡುವಷ್ಟು ನಂಬಬಾರದು.

ರೇಷ್ಮೆ ಸೀಮೆಯ ರೈತರಿಗೆ ಬೇರೊಂದು ಅನುಕೂಲವಿದೆ. ಚೀನಾದ ಪರ್ಲ್ ನದಿಯ ಮುಖಜಭೂಮಿಯಲ್ಲಿ ಹೊಂಡದ ದಂಡೆಯ ಮೇಲೆ ಹಿಪ್ಪುನೇರಳೆ, ಸೊಪ್ಪು ಹುಳುವಿಗೆ, ಹುಳುವಿನ ಹಿಕ್ಕೆ ಮೀನಿಗೆ, ಹೊಂಡದ ಕೆಸರು ಮತ್ತೆ ಹಿಪ್ಪುನೇರಳೆಗೆ ಎಂಬ ಸುತ್ತು ನೂರಾರು ವರ್ಷ ನಡೆದುಬಂದಿತ್ತು. ರಾಮನಗರ, ಶಿಡ್ಲಘಟ್ಟ ಕಡೆಯವರಿಗೂ ತಿಂದುಳಿದ ಸೊಪ್ಪು ಮತ್ತು ಹಿಕ್ಕೆ ಮನೆಯಲ್ಲೇ ಇವೆ. ಹುಳು ಮನೆಗೆ ಸುಣ್ಣ, ಬ್ಲೀಚಿಂಗ್ ಪುಡಿ ಎರಚಿದ ದಿನದ ಕಸವನ್ನು ಮಾತ್ರ ಹೊಂಡಕ್ಕೆ ತರಬಾರದು. ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶದ ಹುಳು ಸಸ್ಯಪದಾರ್ಥವಲ್ಲವಾದರೂ ಇಲ್ಲಿ ಹೇಳಬೇಕಾದ್ದೇ. ಒಣಗಿಸಿದ್ದರಲ್ಲಿ ಅರ್ಧಕ್ಕೂ ಹೆಚ್ಚು ಸಸಾರಜನಕವಿದೆ. ಹಿಂಡಿಯ ಒಂದು ಪಾಲಿಗೆ ಬದಲಾಗಿ ಸೇರಿಸಬಹುದು. ಎಣ್ಣೆ ಹೆಚ್ಚಾದ್ದರಿಂದ ಬೇಗ ಕಮಟುತ್ತದೆ, ಬಹಳ ಹಾಕಿದರೆ ಮೀನಿಗೂ ಆ ವಾಸನೆ ಬರುತ್ತದೆ.

ಆಹಾರ ಸಿದ್ಧಪಡಿಸುವುದು ಕಷ್ಟದ ಕೆಲಸವಲ್ಲ. ಹಿಂಡಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಳಗ್ಗೆ ಮಿದ್ದು ತೌಡಿನೊಂದಿಗೆ ಕಲಸಿ, ಮುದ್ದೆಯ ಹದಕ್ಕೆ ಉಂಡೆ ಕಟ್ಟಬೇಕು. ಸ್ವಲ್ಪ ರಾಗಿ ಹಿಟ್ಟಿನ ಗಂಜಿ ಅಥವಾ ಮರಗೆಣಸಿನ ಹಿಟ್ಟಿನ ಗಂಜಿ ಸೇರಿಸಿದರೆ ಉಂಡೆ ನೀರಿನಲ್ಲಿ ಬೇಗ ಒಡೆಯುವುದಿಲ್ಲ. ತೂತು ಮಾಡಿದ ತಟ್ಟೆ ಅಥವಾ ಬಿದಿರ ಬುಟ್ಟಿಗಳಲ್ಲಿ ಇಟ್ಟು, ದಿನವೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಮೊಳದಾಳಕ್ಕೆ ಇಳಿಬಿಡಬೇಕು. ಮೀನುಗಳು ಸ್ಥಳವನ್ನೂ ಹೊತ್ತನ್ನೂ ಕಲಿಯುತ್ತವೆ.

ದೊಡ್ಡ ಹೊಂಡವಿರುವವರಿಗೆ ಆಂಧ್ರದ ಕೊಲ್ಲೇರು ಸರೋವರದ ಸುತ್ತಿನ ರೈತರು ರೂಢಿಗೆ ತಂದ ಚೀಲದ ಪದ್ಧತಿ ಅನುಕೂಲ. ಹಳೆಯ ಪ್ಲಾಸ್ಟಿಕ್ ಗೊಬ್ಬರ ಚೀಲಗಳನ್ನು ಚೆನ್ನಾಗಿ ತೊಳೆದು, ತಳದ ಕಡೆ ಸಾಲಾಗಿ ಸಣ್ಣ ತೂತು ಮಾಡಿ, ಒಣ ತೌಡು ಹಿಂಡಿ ತುಂಬಿ, ನೀರಿನಲ್ಲಿ ನೆಟ್ಟ ಬಿದಿರು ಗಳುಗಳಿಗೆ ಕಟ್ಟುತ್ತಾರೆ. ಮೀನುಗಳು ಬಂದು ತೂತಿನಿಂದ ಎಳೆದು ತಿನ್ನುತ್ತವೆ, ಚೆಲ್ಲುವುದು ಕಡಿಮೆ. ಅಲ್ಲಿ ಬಹುಪಾಲು ರೋಹು ಸಾಕುವುದರಿಂದ ಈ ಪದ್ಧತಿ ಚೆನ್ನಾಗಿ ಹೊಂದಿತು. ಅವರ ಆಹಾರದಲ್ಲಿ ದೊಡ್ಡ ಪಾಲು ಎಣ್ಣೆ ತೆಗೆದ ತೌಡೇ. ಈ ಪದ್ಧತಿಯ ದೊಡ್ಡ ಗುಣವೆಂದರೆ ಚೀಲ ಎತ್ತಿ ನೋಡಿದರೆ ಸಾಕು, ಮೀನು ತಿಂದಿದೆಯೋ ಇಲ್ಲವೋ ತಿಳಿಯುತ್ತದೆ. ಎರಡು ಗಂಟೆ ಕಳೆದರೂ ಉಳಿದಿದ್ದರೆ ಮರುದಿನ ಕಡಿಮೆ ಮಾಡಬೇಕು.

ಎಷ್ಟು ಹಾಕಬೇಕು? ಎಕರೆ ಹೊಂಡಕ್ಕೆ 2,000 ಮರಿ ಬಿಟ್ಟು 1,800 ಉಳಿದಿವೆ ಎಂದುಕೊಳ್ಳಿ. ತಿಂಗಳಿಗೊಮ್ಮೆ ಬಲೆ ಬೀಸಿ ಇಪ್ಪತ್ತು ಮೂವತ್ತು ಮೀನು ತೂಗಿ ಸರಾಸರಿ ತೆಗೆಯಬೇಕು. ಸರಾಸರಿ 100 ಗ್ರಾಂ ಇದ್ದರೆ ಹೊಂಡದಲ್ಲಿ 180 ಕಿಲೋ ಮೀನಿದೆ. ನೂರಕ್ಕೆ 4ರಂತೆ ದಿನಕ್ಕೆ ಸುಮಾರು 7 ಕಿಲೋ ಆಹಾರ. 250 ಗ್ರಾಂ ಆದಾಗ 450 ಕಿಲೋ. ನೂರಕ್ಕೆ 3ರಂತೆ ಹದಿಮೂರೂವರೆ ಕಿಲೋ. 500 ಗ್ರಾಂ ಆದಾಗ 900 ಕಿಲೋ. ನೂರಕ್ಕೆ 2ರಂತೆ 18 ಕಿಲೋ. ಇದನ್ನು ಬೆಳಗ್ಗೆ ಮತ್ತು ಮಧ್ಯಾಹ್ನದ ಎರಡು ಪಾಲು ಮಾಡಿ, ಬಿಸಿಲೇರಿದ ಮೇಲೆಯೇ ಕೊಡಬೇಕು. ಪುಷ್ಯ ಮಾಘದ ಚಳಿಯಲ್ಲಿ ಮೀನಿನ ಹಸಿವು ಇಳಿಯುತ್ತದೆ, ಪ್ರಮಾಣವನ್ನೂ ಇಳಿಸಬೇಕು. ತೂಗದೆ ಅಂದಾಜಿಗೆ ಹಾಕುವವನು ಮೊದಲ ತಿಂಗಳುಗಳಲ್ಲಿ ಮೀನನ್ನು ಉಪವಾಸ ಕೆಡವುತ್ತಾನೆ, ಕೊನೆಯ ತಿಂಗಳುಗಳಲ್ಲಿ ಹಣವನ್ನು ಕೆಸರಿಗೆ ಸುರಿಯುತ್ತಾನೆ.

ಕೆಸರಿಗೆ ಬಿದ್ದ ಹಿಂಡಿ ಸುಮ್ಮನಿರುವುದಿಲ್ಲ. ಕೊಳೆಯುತ್ತ ನೀರಿನ ಆಮ್ಲಜನಕವನ್ನು ಹೀರುತ್ತದೆ. ರಾತ್ರಿ ಹೊತ್ತು ಹಸಿರು ಪ್ಲವಕವೂ ಆಮ್ಲಜನಕ ಬಿಡುವುದನ್ನು ನಿಲ್ಲಿಸಿ ತಾನೇ ಬಳಸತೊಡಗುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಹೊಂಡದಲ್ಲಿ ಆಮ್ಲಜನಕ ಅತಿ ಕಡಿಮೆ. ಎರಡು ಮೂರು ದಿನ ಮೋಡ ಕವಿದು ಬಿಸಿಲಿಲ್ಲದಿದ್ದರೆ ಅಪಾಯ ಇಮ್ಮಡಿ. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿರುತ್ತವೆ. ಹೊಸಬರು ಇದನ್ನು ನೋಡಿ ಮೀನಿಗೆ ಹಸಿವಾಗಿದೆಯೆಂದು ಇನ್ನೊಂದು ಬುಟ್ಟಿ ಆಹಾರ ಸುರಿಯುವುದುಂಟು. ಅದರಂಥ ಅನಾಹುತ ಬೇರಿಲ್ಲ. ಆ ಕೂಡಲೇ ಆಹಾರ ಮತ್ತು ಗೊಬ್ಬರ ನಿಲ್ಲಿಸಿ, ಬಾವಿಯ ಹೊಸ ನೀರು ಬಿಡಬೇಕು. ಅದಿಲ್ಲದಿದ್ದರೆ ಹೊಂಡದ ನೀರನ್ನೇ ಪಂಪಿನಿಂದ ಎತ್ತಿ ಮೇಲಿಂದ ಚಿಮ್ಮಿಸಬೇಕು. ಮೋಡದ ದಿನ ಒಂದು ಹೊತ್ತಿನ ಆಹಾರ ತಪ್ಪಿಸಿದರೆ ಮೀನು ಬಡವಾಗುವುದಿಲ್ಲ.

ಕೊನೆಗೆ, ಅಂಗಡಿಯ ತೇಲುವ ಗುಳಿಗೆ ಆಹಾರದ ವಿಷಯ. ಗೆಂಡೆ ಮೀನಿನ ಗುಳಿಗೆಗಳೂ ಬಹುಮಟ್ಟಿಗೆ ಸೋಯಾ ಹಿಂಡಿ, ತೌಡುಗಳಿಂದಲೇ ಆದವು. ಬೆಲೆ ಹೆಚ್ಚು, ಆದರೆ ಚೆಲ್ಲುವುದು ಕಡಿಮೆ, ತಿಂದದ್ದು ಕಣ್ಣಿಗೆ ಕಾಣುತ್ತದೆ. ಒಂದು ಕಿಲೋ ಮೀನಿಗೆ ಮನೆಯ ಮಿಶ್ರಣ ಎರಡೂವರೆ ಕಿಲೋ ಹಿಡಿದು ಅದರ ಬೆಲೆ ಕಿಲೋಗೆ 36 ರೂಪಾಯಿಯಾದರೆ 90 ರೂಪಾಯಿ ಖರ್ಚು. ಗುಳಿಗೆ ಒಂದೂವರೆ ಕಿಲೋ ಹಿಡಿದು ಕಿಲೋಗೆ 55 ರೂಪಾಯಿಯಾದರೆ ಎಂಬತ್ತೆರಡೂವರೆ ರೂಪಾಯಿ. ಅದೇ ರೈತ ಗೊಬ್ಬರ ಸರಿಯಾಗಿ ಹಾಕಿ, ಚೀಲ ಕಟ್ಟಿ, ಮಿಶ್ರಣವನ್ನು ಎರಡು ಕಿಲೋಗೆ ಇಳಿಸಿಕೊಂಡರೆ 72 ರೂಪಾಯಿ. ಯಾರ ಹೊಂಡದಲ್ಲಿ ಯಾವುದು ಅಗ್ಗ ಎಂಬುದನ್ನು ಹೊರಗಿನವರು ಹೇಳಲಾಗದು. ಹಾಕಿದ ಆಹಾರದ ತೂಕ, ಕೊಟ್ಟ ಬೆಲೆ, ತಿಂಗಳ ಬಲೆಯಲ್ಲಿ ಬಂದ ಸರಾಸರಿ ತೂಕ, ಹಿಡಿದ ಮೀನು, ಇವಿಷ್ಟನ್ನು ಮಕ್ಕಳ ಹಳೆಯ ನೋಟುಪುಸ್ತಕದಲ್ಲಾದರೂ ದಿನಾಂಕ ಹಾಕಿ ಬರೆದಿಟ್ಟರೆ, ಮುಂದಿನ ಸಲ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೆಸರಘಟ್ಟದ ಮೀನುಗಾರಿಕೆ ಕೇಂದ್ರಕ್ಕೋ ಹೋಗುವಾಗ ಆ ಪುಸ್ತಕವನ್ನೂ, ಬಳಸುತ್ತಿರುವ ಹಿಂಡಿಯ ಒಂದು ಹಿಡಿಯನ್ನೂ ಜೊತೆಗೆ ಒಯ್ಯಬಹುದು.